ಘಟ್ಟದ ಕೆಳಗಿನ ಜನವರಿ

ಶಾಂತವೀರಪ್ಪ ಉಕ್ಕಿನ ಟೇಪಿನ ತುದಿಯನ್ನು ಹೆಂಡತಿಯ ನೆತ್ತಿಯ ಬಳಿ ಚಾಪೆಗೆ ಒತ್ತಿ ಹಿಡಿದು, ಉಳಿದದ್ದನ್ನು ಪಾದದ ಕಡೆಗೆ ಎಳೆಯುತ್ತಿದ್ದಾಗ ಅಣ್ಣ ಪರಮೇಶ್ವರಪ್ಪ ನಡುಮನೆಯ ಬಾಗಿಲಿಗೆ ಬಂದು ನಿಂತ.

"ಶಾಂತ, ಎಂಥದು ಮಾಡ್ತಿದೀಯ?"

"ಅಳತೆ."

"ಎಂಥಕ್ಕೆ?"

"ಪೆಟ್ಟಿಗೆಗೆ. ಆಚಾರಿ ಹೊರಗೆ ಕಾಯ್ತಿದಾನೆ. ಅಗಲ ಅಂದಾಜಲ್ಲಿ ಹೇಳ್ದೆ. ಉದ್ದ ಅಂದಾಜಲ್ಲಿ ಹೇಳಕ್ಕಾಗಲ್ಲ."

ಗೋಡೆಯ ಪಕ್ಕ ಕುಳಿತಿದ್ದ ಹೆಂಗಸರು ಇತ್ತ ತಿರುಗಿದರು. ಪರಮೇಶ್ವರಪ್ಪ ಒಳಗೆ ಬಂದು ತಮ್ಮನ ಎದುರು ಕುಕ್ಕರುಗಾಲಿನಲ್ಲಿ ಕುಳಿತ. ಮೂಡಿಗೆರೆ ಪೇಟೆಯಲ್ಲಿ ನಲವತ್ತು ವರ್ಷದಿಂದ ದಿನಸಿ ಅಂಗಡಿ ಇಟ್ಟವನು. ದನಿ ಏರಿಸದೆ ಜಗಳವಾಡುವುದು ಅಭ್ಯಾಸವಾಗಿತ್ತು.

"ನಮ್ಮಲ್ಲಿ ಯಾರನ್ನ ಪೆಟ್ಟಿಗೇಲಿ ಹೂತಿದೀವಿ ಮಾರಾಯ? ಅಪ್ಪನ್ನ ಕೂರಿಸಿದ್ವಿ. ಅಮ್ಮನ್ನ ಕೂರಿಸಿದ್ವಿ. ಅಮ್ಮನ ಪಕ್ಕ ಜಾಗ ಇದೆ, ಗುಂಡಿ ತೆಗೀಲಿಕ್ಕೆ ಜನ ಹೋಗಿ ಆಯ್ತು."

"ಅವಳು ನಮ್ಮಲ್ಲಿ ಹುಟ್ಟಿದವಳಲ್ಲ ಅಣ್ಣ."

"ಇಪ್ಪತ್ತೆಂಟು ವರ್ಷ ಬಾಳಿದಾಳಲ್ಲ. ಬಂದ ವರ್ಷವೇ ಅಮ್ಮ ಕೂತು ಲಿಂಗಧಾರಣೆ ಮಾಡಿಸಿದ್ಲು. ನಂಗೆ ನೆನಪಿದೆ."

"ಆ ಲಿಂಗ ಬೀರುವಲ್ಲಿದೆ. ಎರಡು ವರ್ಷ ಕಟ್ಕೊಂಡ್ಲು, ಆಮೇಲೆ ಬಿಚ್ಚಿಟ್ಲು. ನಾನು ಕೇಳ್ಲಿಲ್ಲ, ಅವಳು ಹೇಳ್ಲಿಲ್ಲ."

ಟೇಪು ಸರ್ರನೆ ತನ್ನ ಡಬ್ಬಿಯೊಳಗೆ ಸರಿದುಕೊಂಡಿತು. ಶಾಂತವೀರಪ್ಪ ಎದ್ದು ಆಚಾರಿಗೆ ಅಳತೆ ಹೇಳಲು ಹೊರಗೆ ಹೋದ.

ಹನ್ನಾ ತೀರಿಕೊಂಡದ್ದು ಹಿಂದಿನ ಸಂಜೆ, ಹಿತ್ತಲಿನಲ್ಲಿ ಒಣಗಿದ ಬಟ್ಟೆ ತೆಗೆಯುವಾಗ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತಾರು ವರ್ಷ, ಕಾಯಿಲೆ ಇರಲಿಲ್ಲ, ಇದ್ದರೂ ಯಾರಿಗೂ ಗೊತ್ತಿರಲಿಲ್ಲ. ದೇಹ ಸೆಟೆಯುವ ಮೊದಲೇ ಕಾಲು ಮಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ಬಟ್ಟೆಯಲ್ಲಿ ಬಿಗಿದು ಕಟ್ಟುವುದು ಆ ಮನೆತನದ ಕ್ರಮ. ಹಿರಿಯ ಹೆಂಗಸರು ಅದಕ್ಕೆ ಸಿದ್ಧರಾದಾಗ ಶಾಂತವೀರಪ್ಪ ಅಡ್ಡ ಬಂದು, "ಮಲಗಿರ್ಲಿ. ಯಾರೂ ಮುಟ್ಬೇಡಿ" ಎಂದಿದ್ದ. ಬೆಳಗಿನ ಹೊತ್ತಿಗೆ ಅವಳು ಮಲಗಿದಂತೆಯೇ ಸೆಟೆದಿದ್ದಳು.

ಅವನ ಲೆಕ್ಕ ಸರಳವಾಗಿತ್ತು. ಹನ್ನಾ ಪ್ರತಿ ಜನವರಿಯಲ್ಲಿ ಒಂದು ದಿನ ಚಾರ್ಮಾಡಿ ಘಟ್ಟ ಇಳಿದು, ಕೆಳಗಿನ ಒಂದು ಚರ್ಚಿಗೆ ಹೋಗಿ ಬರುತ್ತಿದ್ದಳು. ಮೂಡಿಗೆರೆಯಲ್ಲೇ ಚರ್ಚು ಇದ್ದರೂ ಅಷ್ಟು ದೂರ ಹೋಗುತ್ತಿದ್ದಳೆಂದರೆ ಗಂಡನ ಕಡೆಯವರಿಗೆ ಗೊತ್ತಾಗದಿರಲಿ ಎಂದೇ ಇರಬೇಕು. ಬದುಕಿದ್ದಾಗ ಕದ್ದು ಇಟ್ಟುಕೊಂಡದ್ದನ್ನು ಈಗಲಾದರೂ ಎಲ್ಲರ ಎದುರು ಕೊಡಬೇಕು. ಬೆಳಕು ಹರಿಯುವ ಮೊದಲೇ ಆ ಚರ್ಚಿನ ಪಾದ್ರಿಯನ್ನು ಕರೆತರಲು ಬಾಡಿಗೆ ಜೀಪು ಕಳಿಸಿದ್ದ.

ಮಗಳು ಗಗನಾ ಹಾಸನದಿಂದ ಬಂದಿದ್ದಳು. ಅಲ್ಲಿ ಬ್ಯಾಂಕಿನಲ್ಲಿ ಕೆಲಸ. ತಂದೆ ಒಳಗೆ ಬಂದಾಗ ಅವಳು ಮೆಲ್ಲಗೆ ಹೇಳಿದಳು:

"ಅಪ್ಪ, ಅಮ್ಮ ಪ್ರಾರ್ಥನೆ ಮಾಡಿದ್ದು ನಾನು ಒಂದ್ಸಲಾನೂ ನೋಡಿಲ್ಲ."

"ನೀನು ಹಾಸ್ಟೆಲಲ್ಲಿ ಬೆಳೆದೋಳು."

"ರಜಕ್ಕೆ ಬರ್ತಿದ್ನಲ್ಲ."

"ಅವಳಿಗೆ ಇದ್ದಿದ್ದು ಅದೊಂದೇ ಗಗನಾ. ಅದೊಂದನ್ನಾದ್ರೂ ಸರಿಯಾಗಿ ಮಾಡ್ತೀನಿ."

ಗಗನಾ ಅಮ್ಮನ ಕೆಂಚು ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿದ್ದನ್ನು ನೋಡುತ್ತ ಕುಳಿತಳು.

ಹತ್ತು ಗಂಟೆಯ ಹೊತ್ತಿಗೆ ಕೊಟ್ಟಿಗೆಹಾರದ ಕಡೆಯ ಒಂದು ಕಾಫಿ ಎಸ್ಟೇಟಿನ ಲೆಕ್ಕ ನೋಡುವ ರೈಟರು ಹೂವಿನ ಹಾರ ಹಿಡಿದು ಬಂದರು. ಹಾರ ಹಾಕಿ, ಕೈಮುಗಿದು, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತರು. ಆಮೇಲೆ ಶಾಂತವೀರಪ್ಪನ ಪಕ್ಕಕ್ಕೆ ಸರಿದರು.

"ಈ ಹೊತ್ತಲ್ಲಿ ಕೇಳ್ಬಾರ್ದು ಶಾಂತಣ್ಣ. ಕೇಳ್ತಿಲ್ಲ."

"ಎಂಥದು?"

"ಪಲ್ಪರ್ ಮಿಷಿನ್ ನಿನ್ನೆ ಮಧ್ಯಾಹ್ನದಿಂದ ಬೀಜ ಕತ್ತರಿಸ್ತಿದೆ. ನಿಲ್ಲಿಸಿಬಿಟ್ವಿ. ಹಣ್ಣು ರಾಶಿ ಬಿದ್ದಿದೆ."

"ಪ್ಲೇಟಿನ ಬೋಲ್ಟು ಎರಡೂ ಕಡೆ ಒಂದೇ ಸಮ ಬಿಗಿ ಇದ್ಯಾ ನೋಡಿ. ಒಂದು ಕಡೆ ಸಡಿಲಾಗಿರುತ್ತೆ. ಬಿಗಿ ಮಾಡೋಕೆ ಮುಂಚೆ ಹಣ್ಣು ತೆಗೆದು ಖಾಲಿ ಓಡ್ಸಿ."

"ಆಯ್ತಣ್ಣ. ನೋಡ್ತೀವಿ."

ರೈಟರು ಹೋದ ಮೇಲೆ ಶಾಂತವೀರಪ್ಪ ತಲೆ ಎತ್ತಿದ. ಮಗಳು ತನ್ನನ್ನೇ ನೋಡುತ್ತಿದ್ದಳು.

*

1993ರ ಅಕ್ಟೋಬರ್. ಬಸ್‌ಸ್ಟ್ಯಾಂಡಿನ ಹಿಂದಿನ ಶಾಂತವೀರಪ್ಪನ ವರ್ಕ್‌ಶಾಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಳಸ, ಸಂಸೆ, ಜಾವಳಿ ಕಡೆಯ ಎಸ್ಟೇಟುಗಳಿಂದ ಬಂದ ಪಲ್ಪರ್‌ಗಳು ರಸ್ತೆಯವರೆಗೆ ಸಾಲು ಹಿಡಿದಿದ್ದವು. ಕಾಫಿ ಹಣ್ಣನ್ನು ಕೊಯ್ದ ದಿನವೇ ಈ ಯಂತ್ರಕ್ಕೆ ಹಾಕಿ ಸಿಪ್ಪೆ ಸುಲಿಯಬೇಕು. ಇಲ್ಲದಿದ್ದರೆ ರಾಶಿ ಕಾವು ಏರಿ ಹುಳಿಯುತ್ತದೆ. ಕೊಯ್ಲು ಶುರುವಾಗುವುದು ನವೆಂಬರಿನಲ್ಲಿ. ಹಾಗಾಗಿ ಮಳೆ ಹಿಂದೆ ಸರಿದ ಕೂಡಲೇ ಪ್ಲಾಂಟರುಗಳಿಗೆಲ್ಲ ಪಲ್ಪರ್ ನೆನಪಾಗುತ್ತಿತ್ತು. ಜರ್ಮನಿಯಲ್ಲಿ ಮೂರು ವರ್ಷ ಫಿಟ್ಟರ್ ಕೆಲಸ ಕಲಿತು ಬಂದ ಶಾಂತವೀರಪ್ಪನಿಗೆ ಸೆಪ್ಟೆಂಬರಿನಿಂದ ಭಾನುವಾರವೆಂಬುದು ಇರುತ್ತಿರಲಿಲ್ಲ.

ಅಲ್ಲಿ ಅವನಿದ್ದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದವಳು ಹನ್ನಾ. ಅವನನ್ನು ಮದುವೆಯಾಗಿ 1980ರಲ್ಲಿ ಮೂಡಿಗೆರೆಗೆ ಬಂದಳು. ಹೆಸರು ಬದಲಿಸುವ ಅಗತ್ಯ ಯಾರಿಗೂ ಕಾಣಲಿಲ್ಲ. ಕೊನೆಗೊಂದು ಅಮ್ಮ ಸೇರಿಸಿ ಹನ್ನಮ್ಮ ಎಂದರು, ಅದು ಊರಿನದೇ ಹೆಸರಿನ ಹಾಗೆ ಕೇಳಿಸಿತು.

ಅವಳು ಊಟದ ಕ್ಯಾರಿಯರ್ ಬೆಂಚಿನ ಮೇಲಿಟ್ಟು ಬಾಗಿಲಲ್ಲಿ ನಿಂತಳು.

"ಈಗ ನಮ್ಮೂರಲ್ಲಿ ಅಪ್ಪ ಎಲೆ ಗುಡಿಸ್ತಿರ್ತಾರೆ."

"ನೀನು ಇಲ್ಲಿ ದಿನಾ ಗುಡಿಸ್ತೀಯಲ್ಲ."

"ಇದು ಕಸ ಮಾರಾಯ. ಅದು ಬೇರೆ."

"ಎಲೆಯಲ್ಲಿ ಬೇರೆ ಎಂಥದು?"

ಹನ್ನಾ ಬೆಂಚಿನ ಹತ್ತಿರ ಬಂದಳು. ಆಗ ತಾನೇ ಬಿಚ್ಚಿಟ್ಟಿದ್ದ ಪಲ್ಪರಿನ ಹೊಸ ತಾಮ್ರದ ತಗಡಿನ ಮೇಲೆ ಬೆರಳಿಟ್ಟಳು.

"ಗುಡ್ಡ ಪೂರ್ತಿ ಈ ಬಣ್ಣ ಆಗುತ್ತೆ. ಎಲ್ಲ ಮರಾನೂ ಮಾತಾಡ್ಕೊಂಡ ಹಾಗೆ, ಒಟ್ಟಿಗೆ. ಎರಡು ವಾರ ಅಷ್ಟೇ. ಆಮೇಲೆ ಒಂದು ಗಾಳಿ ಬರುತ್ತೆ, ಎಲ್ಲ ಕೆಳಗೆ. ನಡೆದ್ರೆ ಸದ್ದಾಗುತ್ತೆ. ಬೇಸಿಗೆಯೆಲ್ಲ ಕಾಣದೆ ಇದ್ದ ಮನೆಗಳು ಆಚೆ ಗುಡ್ಡದಲ್ಲಿ ಕಾಣ್ತವೆ. ಇಲ್ಲಿ ಮರಕ್ಕೆ ಸುಸ್ತೇ ಆಗಲ್ವಾ? ಒಂದು ಎಲೆ ಬೀಳೋದ್ರೊಳಗೆ ಇನ್ನೊಂದು ಬಂದಾಗಿರುತ್ತೆ."

"ಸುಸ್ತಾದ್ರೂ ಇಲ್ಲಿ ಬಿಡೋರು ಯಾರು," ಎಂದು ಶಾಂತವೀರಪ್ಪ ನಕ್ಕ. ಕೈ ಒರೆಸಿಕೊಂಡ. "ಮುಂದಿನ ಅಕ್ಟೋಬರ್ ಹೋಗಿ ಬರೋಣ. ಖಂಡಿತ."

"ಹೋದ ವರ್ಷಾನೂ ಮುಂದಿನ ಅಕ್ಟೋಬರ್ ಇತ್ತು."

"ನೀನೊಬ್ಳೇ ಹೋಗಿ ಬಾ ಹಾಗಾದ್ರೆ. ಟಿಕೆಟ್ ಮಾಡಿಸ್ತೀನಿ."

"ಒಬ್ಳೇ ನೋಡಿ ಎಂಥ ಮಾಡ್ಲಿ? ನಿಂಗೆ ತೋರಿಸ್ಬೇಕು ಅದನ್ನ."

ಹೊರಗೆ ಯಾವುದೋ ಎಸ್ಟೇಟಿನ ಟ್ರ್ಯಾಕ್ಟರ್ ಬಂದು ನಿಂತಿತು. ಅದರಲ್ಲೂ ಒಂದು ಪಲ್ಪರ್ ಇತ್ತು.

ಅವರು ಜರ್ಮನಿಗೆ ಹೋದದ್ದು ಎರಡೇ ಸಲ, 1987ರಲ್ಲಿ ಮತ್ತು 1999ರಲ್ಲಿ. ಎರಡು ಸಲವೂ ಜೂನ್ ತಿಂಗಳು; ಮೂಡಿಗೆರೆಯಲ್ಲಿ ಮಳೆ ಹಿಡಿದು ವರ್ಕ್‌ಶಾಪಿಗೆ ಕೆಲಸವಿಲ್ಲದ ಕಾಲ. ಅಲ್ಲಿಯ ಕಾಡು ದಟ್ಟ ಹಸಿರಾಗಿತ್ತು. ಎರಡನೆಯ ಸಲ ಹನ್ನಾ ಆ ಕಾಡಿನ ಅಂಚಿನಲ್ಲಿ ನಿಂತು, "ಮೂಡಿಗೆರೆ ಥರಾನೇ ಇದೆ" ಎಂದಿದ್ದಳು. ಶಾಂತವೀರಪ್ಪ ಅದನ್ನು ಮೆಚ್ಚುಗೆಯ ಮಾತೆಂದು ತಿಳಿದಿದ್ದ. ಅಷ್ಟರಲ್ಲಿ ಅವಳು ಅಕ್ಟೋಬರಿನ ಮಾತು ಬಿಟ್ಟು ಮೂರು ವರ್ಷವೇ ಆಗಿತ್ತು. ಊರಿಗೆ ಹೊಂದಿಕೊಂಡಳು ಎಂದು ಅವನಿಗೆ ಸಮಾಧಾನವಾಗಿತ್ತು.

*

ಜೀಪು ಬಂದಾಗ ಹನ್ನೊಂದು ದಾಟಿತ್ತು. ಬಿಳಿ ನಿಲುವಂಗಿಯ ಪಾದ್ರಿ ಇಳಿದರು. ಮಂಗಳೂರು ಕಡೆಯವರು, ನಲವತ್ತರ ಆಸುಪಾಸಿನ ವಯಸ್ಸು. ಅಂಗಳದಲ್ಲಿದ್ದ ಜನ ದಾರಿ ಬಿಟ್ಟರು. ಅವರು ಒಳಗೆ ಹೋಗಿ ಹನ್ನಾಳ ಮುಖವನ್ನು ಒಂದಿಷ್ಟು ಹೊತ್ತು ನೋಡಿ, ಶಿಲುಬೆಯ ಗುರುತು ಮಾಡಿ, ಶಾಂತವೀರಪ್ಪನನ್ನು ಜಗಲಿಗೆ ಕರೆದರು.

"ನಮ್ಮ ಚರ್ಚಿಗೆ ಬರುತ್ತಿದ್ದವರು ಅಂತ ನಿಮ್ಮ ಜೀಪಿನವರು ಹೇಳಿದರು. ಕೂಡಲೇ ಹೊರಟೆ. ಆದರೆ ನನಗೆ ಇವರ ಗುರುತು ಹತ್ತುವುದಿಲ್ಲ."

"ವರ್ಷಕ್ಕೊಂದ್ಸಲ ಬರ್ತಿದ್ಲು ಫಾದರ್. ಜನವರಿಲಿ."

"ನಾನು ಬಂದು ನಾಲ್ಕು ವರ್ಷ. ಜರ್ಮನಿಯವರೊಬ್ಬರು ಬಂದಿದ್ದರೆ ನೆನಪಿರುತ್ತಿತ್ತು. ಹೊರಡುವಾಗ ಗಂಟೆ ಹೊಡೆಯುವ ಅಜ್ಜನ ಹತ್ತಿರವೂ ಕೇಳಿದೆ. ಮೂವತ್ತು ವರ್ಷದಿಂದ ಅಲ್ಲೇ ಇರುವವರು. ಅಂಥವರು ಯಾರೂ ಬಂದದ್ದಿಲ್ಲ ಅಂದರು."

"ಅಲ್ಲೊಬ್ರು ಜರ್ಮನ್ ಮಾತಾಡೋ ಹಿರಿಯ ಫಾದರ್ ಇದ್ರಲ್ಲ. ಅವರನ್ನ ನೋಡ್ಲಿಕ್ಕೇ ಅವಳು ಮೊದಲು ಬಂದಿದ್ದು."

"ಅವರು ತೀರಿ ಆರು ವರ್ಷ ಆಯಿತು." ಪಾದ್ರಿ ಕೇಳಿದರು. "ಇವರು ಕ್ಯಾಥೊಲಿಕರಾ, ಪ್ರೊಟೆಸ್ಟೆಂಟರಾ?"

"ಕ್ರಿಶ್ಚಿಯನ್ನು."

"ಅದು ಹೌದು. ಅದರಲ್ಲಿ ಯಾವುದು?"

ಶಾಂತವೀರಪ್ಪ ಮಗಳ ಮುಖ ನೋಡಿದ.

"ಪ್ರೊಟೆಸ್ಟೆಂಟ್," ಎಂದಳು ಗಗನಾ. "ರಾತ್ರಿ ಚಿಕ್ಕಮ್ಮನಿಗೆ ಜರ್ಮನಿಗೆ ಫೋನ್ ಮಾಡಿದ್ದೆ. ಅಮ್ಮ ಅಲ್ಲಿದ್ದಾಗ್ಲೂ ಚರ್ಚಿಗೆ ಹೋದವಳಲ್ಲ ಅಂದ್ರು. ನಿಮ್ಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಯಾವ ಪಂಗಡ ಅಂತ ಗೊತ್ತಿಲ್ದೆ ಪೆಟ್ಟಿಗೆ ಹೊಡೆಸ್ತಿದಾನೆ," ಎಂದು ಪರಮೇಶ್ವರಪ್ಪ ಪಕ್ಕದವನಿಗೆ ಹೇಳಿದ. ಎಲ್ಲರಿಗೂ ಕೇಳಿಸಿತು.

ಜಗಲಿಯ ಕಂಬಕ್ಕೊರಗಿ ಖಾಕಿ ಅಂಗಿಯ ಒಬ್ಬ ನಿಂತಿದ್ದ. ಧರ್ಮಸ್ಥಳದ ಬಸ್ಸಿನ ಕಂಡಕ್ಟರ್ ಲಿಂಗಪ್ಪ. ಬೆಳಗಿನ ಟ್ರಿಪ್ ಮುಗಿಸಿ, ಸುದ್ದಿ ಕೇಳಿ ಬಸ್‌ಸ್ಟ್ಯಾಂಡಿನಿಂದ ನೇರ ಬಂದಿದ್ದ. ಅವನು ಮುಂದೆ ಬಂದ.

"ಚರ್ಚಿಗೆ ಅಂತೀರಾ? ಹನ್ನಮ್ಮೋರು ಚರ್ಚಿನ ಸ್ಟಾಪಲ್ಲಿ ಯಾವತ್ತೂ ಇಳಿದಿಲ್ಲ ಶಾಂತಣ್ಣ."

"ಮತ್ತೆಲ್ಲಿ?"

"ಕಕ್ಕಿಂಜೆಯಿಂದ ಆಚೆ ರಬ್ಬರ್ ತೋಟ ಇದ್ಯಲ್ಲ, ರಸ್ತೆ ಬಲಗಡೆ. ಅಲ್ಲಿ. ಬೆಳಗಿನ ಟ್ರಿಪ್ಪಲ್ಲಿ ಇಳಿಸ್ತಿದ್ದೆ, ಸಂಜೆ ವಾಪಸ್ ಬರ್ತಾ ಹಾರ್ನ್ ಹೊಡೆಸ್ತಿದ್ದೆ. ಸೀರೆ ಕೊಡವ್ಕೊಂಡು ಬರ್ತಿದ್ರು." ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಲಿಂಗಪ್ಪನ ದನಿ ತಗ್ಗಿತು. "ನಿಮ್ಗೆ ಗೊತ್ತಿದೆ ಅಂದ್ಕೊಂಡಿದ್ದೆ."

"ರಬ್ಬರ್ ತೋಟದಲ್ಲಿ ಎಂಥ ಇದೆ?"

"ನಾನೂ ಕೇಳ್ದೆ. ಜನವರಿಲಿ ರಬ್ಬರ್ ಮರ ಪೂರ್ತಿ ಎಲೆ ಉದುರಿಸುತ್ತೆ ನೋಡಿ, ಕೆಂಪಾಗಿ. ಬೇರೆ ಮರ ಹಾಗೆ ಒಟ್ಟಿಗೆ ಉದುರಿಸೋದು ಕಮ್ಮಿ. 'ನಮ್ಮೂರಿನ ಅಕ್ಟೋಬರ್ ಇದೆ ಲಿಂಗಪ್ಪ, ಇಲ್ಲಿ ಜನವರಿಗೆ ಬರುತ್ತೆ' ಅಂದ್ರು."

ಆಚಾರಿ ಹಿತ್ತಲಲ್ಲಿ ಹಲಗೆ ಕೊಯ್ಯುತ್ತಿದ್ದ ಸದ್ದು ನಿಂತಿತು. ಅವನೂ ಗರಗಸ ಹಿಡಿದು ಬಂದು ನಿಂತಿದ್ದ.

"ನನ್ನ ಯಾಕೆ ಕರೀಲಿಲ್ಲ ಅವಳು," ಎಂದು ಶಾಂತವೀರಪ್ಪ ಕೇಳಿದ. ಯಾರನ್ನು ಕೇಳಿದನೆಂದು ಸ್ಪಷ್ಟವಿರಲಿಲ್ಲ.

ಲಿಂಗಪ್ಪನೇ ಹೇಳಿದ. "ಯಜಮಾನ್ರನ್ನೂ ಒಂದ್ಸಲ ಕರ್ಕೊಂಡು ಬನ್ನಿ ಅಮ್ಮಾ ಅಂದಿದ್ದೆ. 'ಜನವರಿಲೂ ಪಲ್ಪರ್ ಇದ್ಯಲ್ಲ ಮಾರಾಯ' ಅಂದ್ರು."

*

1996ರ ಜನವರಿಯಲ್ಲಿ ಹನ್ನಾಳ ತಾಯಿ ತೀರಿದ ಸುದ್ದಿ ಬಂತು. ಹೋಗಲು ಆಗುವಂತಿರಲಿಲ್ಲ, ಹೋದರೂ ಅಂತ್ಯಕ್ರಿಯೆ ಮುಗಿದಿರುತ್ತಿತ್ತು. ಘಟ್ಟದ ಕೆಳಗೆ ಜರ್ಮನ್ ಬಲ್ಲ ಮುದಿ ಪಾದ್ರಿಯೊಬ್ಬರು ಇದ್ದಾರೆಂದು ಆಸ್ಪತ್ರೆಯ ನರ್ಸೊಬ್ಬಳು ಹೇಳಿದ್ದಳು. ಹನ್ನಾಳಿಗೆ ತಾಯಿಯ ಬಗ್ಗೆ ತಾಯಿಯ ಭಾಷೆಯಲ್ಲಿ ಯಾರ ಜೊತೆಗಾದರೂ ಎರಡು ಮಾತು ಆಡಬೇಕೆನಿಸಿತು. "ಚರ್ಚಿಗೆ ಹೋಗಿ ಬರ್ತೀನಿ," ಎಂದು ಗಂಡನಿಗೆ ಹೇಳಿ ಬೆಳಗಿನ ಬಸ್ಸು ಹತ್ತಿದಳು. ಅವನು ಯಾವುದೋ ತೋಟಕ್ಕೆ ಹೊರಡುವ ಅವಸರದಲ್ಲಿದ್ದ. "ಹೋಗ್ಬಾ, ಪಾಪ," ಎಂದ.

ಘಟ್ಟ ಇಳಿದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಸ್ಸಿನ ಹಿಂದಿನ ಟಯರು ಪಂಕ್ಚರ್ ಆಯಿತು. ಜನ ಇಳಿದು ನೆರಳು ಹುಡುಕಿದರು. ಹನ್ನಾಳಿಗೆ ನೆರಳು ಕಾಣಲಿಲ್ಲ. ಎದುರಿಗಿದ್ದ ಮರಗಳಿಗೆ ಅರ್ಧಕ್ಕರ್ಧ ಎಲೆಯೇ ಇರಲಿಲ್ಲ. ಉಳಿದ ಎಲೆಗಳು ಹಳದಿ, ಕಿತ್ತಳೆ, ತಾಮ್ರ. ಸಾಲು ಸಾಲು ಮರ, ಅಡಿಯಲ್ಲಿ ಪಾದ ಮುಳುಗುವಷ್ಟು ತರಗೆಲೆ.

ಅವಳು ರಸ್ತೆ ದಾಟಿ ತೋಟದೊಳಗೆ ನಾಲ್ಕು ಹೆಜ್ಜೆ ಇಟ್ಟಳು. ನಿಂತಳು. ಮತ್ತೆ ನಾಲ್ಕು ಹೆಜ್ಜೆ ಇಟ್ಟಳು, ಬೇಕೆಂದೇ ಕಾಲೆಳೆದುಕೊಂಡು. ಬೋಳು ಕೊಂಬೆಗಳ ನಡುವೆ ಆಚೆ ದಿಣ್ಣೆಯ ಮೇಲೊಂದು ಹೆಂಚಿನ ಮನೆ ಕಾಣುತ್ತಿತ್ತು. ತಾಯಿ ತೀರಿದ ಸುದ್ದಿ ಬಂದಾಗಿನಿಂದ ಅಳದಿದ್ದವಳು ಒಂದು ಮರಕ್ಕೆ ಹಣೆಯೊತ್ತಿ ಅತ್ತಳು. ತೊಗಟೆಯ ಓರೆ ಗಾಯದಲ್ಲಿ ಹಾಲು ಇಳಿಯುತ್ತಿತ್ತು, ಅದು ಅವಳ ಕುಪ್ಪಸದ ತೋಳಿಗೆ ಅಂಟಿಕೊಂಡಿತು.

ಟಯರು ಬದಲಾಯಿಸಿ ಲಿಂಗಪ್ಪ ಕೂಗಿದ. "ನೀವು ಹೋಗಿ, ವಾಪಸ್ ಬರ್ತಾ ಹತ್ಕೊಳ್ತೀನಿ," ಎಂದಳು.

ಸಂಜೆ ಶಾಂತವೀರಪ್ಪ ಕೇಳಿದ: "ಚರ್ಚ್ ಹೇಗಿತ್ತು?"

ಹನ್ನಾ ಅವನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಗ್ರೀಸು ಇತ್ತು. ಕಣ್ಣು ಮುಚ್ಚಿಹೋಗುವಷ್ಟು ಆಯಾಸವಾಗಿತ್ತು ಅವನಿಗೆ.

"ಚೆನ್ನಾಗಿತ್ತು," ಎಂದಳು.

ಮರುವರ್ಷದಿಂದ ಅವಳು ಚರ್ಚಿನ ಹೆಸರನ್ನೂ ಎತ್ತಲಿಲ್ಲ. "ಕೆಳಗೆ ಹೋಗಿ ಬರ್ತೀನಿ," ಎನ್ನುತ್ತಿದ್ದಳು, ಅಷ್ಟೇ.

*

ರುದ್ರಭೂಮಿಯಲ್ಲಿ ಗುಂಡಿಯನ್ನು ಕೂರಿಸುವ ಲೆಕ್ಕಕ್ಕೆ ತೋಡಿದ್ದರು, ಚೌಕವಾಗಿ, ಒಂದು ಬದಿಗೆ ಗೂಡು ಕೊರೆದು. ಸೆಟೆದ ದೇಹವನ್ನು ಕೂರಿಸಲು ಆಗುವಂತಿರಲಿಲ್ಲ. ಪರಮೇಶ್ವರಪ್ಪನೇ ಮುಂದೆ ನಿಂತು ಗುಂಡಿಯನ್ನು ಉದ್ದ ಮಾಡಿಸಿದ. ಹಾರೆಯ ಪೆಟ್ಟು ಬೀಳುವಷ್ಟು ಹೊತ್ತೂ ಹನ್ನಾ ಚಟ್ಟದ ಮೇಲೆ ಬಿಸಿಲಿನಲ್ಲಿ ಕಾಯಬೇಕಾಯಿತು. ಗಗನಾ ತನ್ನ ದುಪಟ್ಟಾದ ಎರಡು ತುದಿ ಹಿಡಿದು ಅಮ್ಮನ ಮುಖದ ಮೇಲೆ ನೆರಳು ಮಾಡಿದಳು.

"ಪೆಟ್ಟಿಗೆ ಬೇಕೋ ಬೇಡ್ವೋ," ಎಂದು ಮಠದ ಅಯ್ನೋರು ಕೇಳಿದರು.

"ನಂಗೆ ಏನೂ ಗೊತ್ತಿಲ್ಲ ಅಯ್ನೋರೆ," ಎಂದ ಶಾಂತವೀರಪ್ಪ. "ಬೆಳಿಗ್ಗೆಯಿಂದ ಗೊತ್ತಿದ್ದವನ ಹಾಗೆ ಆಡ್ತಿದ್ದೆ. ನೀವು ಹೇಗೆ ಹೇಳ್ತೀರೋ ಹಾಗೆ."

"ಮಲಗ್ಸಿದ್ರೂ ಮಣ್ಣೇ. ಕೂರ್ಸಿದ್ರೂ ಮಣ್ಣೇ. ಇಳಿಸ್ರಪ್ಪ."

ಬೀರುವಿನಿಂದ ತಂದ ಲಿಂಗವನ್ನು ಅವಳ ಎಡಗೈಯಲ್ಲಿಟ್ಟು ಬಟ್ಟೆ ಸುತ್ತಿದರು. ವಿಭೂತಿ ಹಚ್ಚಿದರು. ಪಾದ್ರಿ ಹೋಗಿರಲಿಲ್ಲ. ಒಂದು ಪ್ರಾರ್ಥನೆ ಹೇಳಲೇ ಎಂದು ಅವರು ಪರಮೇಶ್ವರಪ್ಪನನ್ನೇ ಕೇಳಿದರು. ಅವನು ಒಂದು ಕ್ಷಣ ಅಯ್ನೋರ ಕಡೆ ನೋಡಿ, "ಹೇಳಿ. ಅವಳಿಗೂ ಬೇಜಾರಿಲ್ಲ, ನಮಗೂ ಇಲ್ಲ," ಎಂದ. ಪಾದ್ರಿ ಕನ್ನಡದಲ್ಲೇ ಹೇಳಿದರು, ಸಣ್ಣ ದನಿಯಲ್ಲಿ, ಬೇಗ ಮುಗಿಸಿದರು.

ಆಮೇಲೆ ಬಿಲ್ವಪತ್ರೆಯ ಬುಟ್ಟಿ ಬಂತು. ಒಬ್ಬೊಬ್ಬರೂ ಹಿಡಿ ಹಿಡಿಯಾಗಿ ಹಾಕಿದರು. ಎಲ್ಲವೂ ಆ ಬೆಳಿಗ್ಗೆ ಕಿತ್ತ ಎಲೆ, ಒಂದೂ ಬಾಡಿರಲಿಲ್ಲ. ಶಾಂತವೀರಪ್ಪನ ಸರದಿ ಬಂದಾಗ ಅವನು ಬುಟ್ಟಿಯೊಳಗೆ ಕೈಯಿಟ್ಟು ಏನನ್ನೋ ಹುಡುಕುವವನಂತೆ ನಿಂತ. ಹಿಂದಿನಿಂದ ಅಣ್ಣ, "ಹಾಕು ಶಾಂತ," ಎಂದ ಮೇಲೆ ಹಾಕಿದ.

ಸ್ನಾನ ಮುಗಿಸಿ ಅವನು ಹೊರಗೆ ಬಂದಾಗ ಎಸ್ಟೇಟಿನ ಜೀಪು ಗೇಟಿನ ಹತ್ತಿರ ನಿಂತಿತ್ತು. ರೈಟರು ಇಳಿದು ಬಂದರು.

"ಬೋಲ್ಟು ಬಿಗಿ ಮಾಡಿದ್ವಿ ಶಾಂತಣ್ಣ, ಆಗ್ತಿಲ್ಲ. ನಿನ್ನೆ ಹಣ್ಣು ಆಗ್ಲೇ ಬಿಸಿ ಆಗಿದೆ. ಇವತ್ತಿಂದೂ ಬರುತ್ತೆ. ಅರ್ಧ ಗಂಟೆ ಬಂದು ನೋಡಿದ್ರೆ ಸಾಕು, ವಾಪಸ್ ಇಲ್ಲಿಗೇ ತಂದುಬಿಡ್ತೀವಿ."

"ಇವತ್ತಾಗಲ್ಲ."

"ಹಣ್ಣು ಕೊಳೆಯುತ್ತೆ ಅಣ್ಣ."

"ಕೊಳೀಲಿ."

ಶಾಂತವೀರಪ್ಪನ ಬಾಯಲ್ಲಿ ಆ ಮಾತು ರೈಟರು ಯಾವತ್ತೂ ಕೇಳಿರಲಿಲ್ಲ. ಅವರು ಜೀಪಿನ ಕಡೆ ನೋಡಿದರು. ಶಾಂತವೀರಪ್ಪ ಬರಿಗಾಲಿನಲ್ಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದ. ಪರಮೇಶ್ವರಪ್ಪ ಹಿಂದೆಯೇ ಬಂದ.

"ಎಲ್ಲಿಗೆ ಹೊರಟೆ? ಇವತ್ತು ಮನೆ ಬಿಟ್ಟು ಹೋಗೋದಾ?"

"ನಮಗೆ ಸೂತಕ ಇಲ್ಲ ಅಂತ ನೀನೇ ಹೇಳ್ತಿರ್ತೀಯಲ್ಲ ಅಣ್ಣ."

"ಸೂತಕದ ಮಾತಲ್ಲ. ಜನ ಬರ್ತಾರೆ, ಕೇಳ್ತಾರೆ."

"ಕೆಳಗೆ ಹೋಗಿದಾನೆ ಅನ್ನು."

ಪರಮೇಶ್ವರಪ್ಪ ನಿಂತುಬಿಟ್ಟ. ಗೇಟಿನಲ್ಲಿದ್ದ ಗಗನಾ, "ಹೋಗ್ಲಿ ಬಿಡಿ ದೊಡ್ಡಪ್ಪ," ಎಂದಳು.

*

ಲಿಂಗಪ್ಪ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಬಸ್ಸು ಘಟ್ಟದ ತಿರುವುಗಳನ್ನು ಹಿಡಿಯಿತು. ಕೆಳಗಿಳಿದಂತೆ ಗಾಳಿ ಬೆಚ್ಚಗಾಯಿತು. ಕಕ್ಕಿಂಜೆ ದಾಟಿದ ಮೇಲೆ ಲಿಂಗಪ್ಪ ಸೀಟಿ ಊದಿದ.

"ವಾಪಸ್ ಬರ್ತಾ ಹಾರ್ನ್ ಹೊಡೆಸ್ತೀನಿ ಶಾಂತಣ್ಣ. ಕತ್ತಲಾಗಿರುತ್ತೆ. ರಸ್ತೆ ಹತ್ರನೇ ಇರಿ."

ಬಸ್ಸು ಹೋದ ಮೇಲೆ ಶಾಂತವೀರಪ್ಪ ತೋಟದತ್ತ ತಿರುಗಿದ. ಅವನು ನೂರಾರು ಸಲ ಈ ರಸ್ತೆಯಲ್ಲಿ ಹೋಗಿದ್ದ, ಬಿಡಿಭಾಗ ತರಲು ಮಂಗಳೂರಿಗೆ. ಈ ಮರಗಳನ್ನು ನೋಡಿದ ನೆನಪಿರಲಿಲ್ಲ.

ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಸಾಲುಗಳ ನಡುವಿನ ನೆಲವೆಲ್ಲ ಗುಡಿಸಿ ಚೊಕ್ಕಟವಾಗಿತ್ತು. ಕೆಮ್ಮಣ್ಣಿನ ಮೇಲೆ ಪೊರಕೆಯ ಗೀರು ಕಾಣುತ್ತಿತ್ತು. ರಸ್ತೆಯ ಹತ್ತಿರದ ಎರಡು ಸಾಲಿನ ನಡುವೆ ಮಾತ್ರ ಗುಡಿಸಿರಲಿಲ್ಲ. ಅಲ್ಲಿ ತರಗೆಲೆ ಹಾಸಿಗೆಯಂತೆ ದಪ್ಪಗೆ ಬಿದ್ದಿತ್ತು. ಅದರ ಬದಿಯಲ್ಲಿ ಮುದುಕಿಯೊಬ್ಬಳು ಬೇರೆ ಕಡೆ ಗುಡಿಸಿ ರಾಶಿ ಹಾಕಿದ್ದ ಎಲೆಯನ್ನು ದೊಡ್ಡ ಬುಟ್ಟಿಗೆ ಒತ್ತಿ ತುಂಬುತ್ತಿದ್ದಳು. ಇವನನ್ನು ಕಂಡು ಸೊಂಟ ನೇರ ಮಾಡಿದಳು.

"ಯಾರು? ಘಟ್ಟದ ಮೇಲಿನವರಾ?"

"ಮೂಡಿಗೆರೆ."

"ಹಾಗಾದರೆ ಅಮ್ಮನ ಊರಿನವರೇ. ಆ ಬಿಳಿ ಅಮ್ಮ ಈ ಸಲ ಇನ್ನೂ ಬರಲಿಲ್ಲವಲ್ಲ. ನಿಮಗೆ ಗುರುತುಂಟಾ?"

ಶಾಂತವೀರಪ್ಪ ಹೌದೆಂದು ತಲೆಯಾಡಿಸಿದ.

"ದನದ ಹಟ್ಟಿಗೆ ಹಾಸಲಿಕ್ಕೆ ಎಲೆ ಬೇಕು ನಮಗೆ. ಎಲ್ಲ ಕಡೆ ಗುಡಿಸಿ ಆಯಿತು. ಇದೊಂದು ತುಂಡು ಬಿಟ್ಟದ್ದು. ಒಂದು ವರ್ಷ ಅಮ್ಮ ಬರುವ ಮೊದಲೇ ಎಲ್ಲ ಗುಡಿಸಿ ಬಿಟ್ಟಿದ್ದೆವು. ಪಾಪ, ಏನೂ ಹೇಳಲಿಲ್ಲ. ಸುಮ್ಮನೆ ನಿಂತು ನೋಡಿ ರಸ್ತೆ ಬದಿಯಲ್ಲಿ ಹೋಗಿ ಕೂತರು. ಅವತ್ತಿಂದ ಅವರು ಬಂದು ಹೋಗುವ ತನಕ ಈ ತುಂಡು ಮುಟ್ಟುವುದಿಲ್ಲ. ಯಾವಾಗ ಬರುತ್ತಾರಂತೆ?"

ಶಾಂತವೀರಪ್ಪ ಆ ಎಲೆಗಳನ್ನು ನೋಡಿದ. ಅವಕ್ಕೆ ಒಂದೇ ಬಣ್ಣವಿರಲಿಲ್ಲ. ಕೆಲವಕ್ಕೆ ನಡುನರ ಮಾತ್ರ ಇನ್ನೂ ಹಸಿರಾಗಿತ್ತು.

"ಬರಲ್ಲ," ಎಂದ. ಆಮೇಲೆ, "ನಾನು ಅವಳ ಗಂಡ," ಎಂದ.

ಮುದುಕಿ ಅವನ ಒದ್ದೆ ಕೂದಲು, ಹಣೆಯ ವಿಭೂತಿ, ಬರಿಗಾಲು ನೋಡಿದಳು. ಬುಟ್ಟಿಯನ್ನು ತಲೆಗೇರಿಸಿಕೊಂಡಳು. ನಾಲ್ಕು ಮರ ದಾಟಿದ ಮೇಲೆ ತಿರುಗಿ ನಿಂತಳು.

"ಹಾಗಾದರೆ ನಾಳೆ ಗುಡಿಸಬಹುದಾ?"

ಅವನು ಗುಡಿಸದೆ ಬಿಟ್ಟ ತುಂಡಿನತ್ತ ನೋಡಿದ.

"ನಾಳೆ ಗುಡಿಸಿ," ಎಂದ.

ಅವಳು ದಿಣ್ಣೆ ಹತ್ತಿ ಮರೆಯಾಗುವವರೆಗೂ ಕಾದು, ಅವನು ಗುಡಿಸದ ತುಂಡಿನೊಳಗೆ ಕಾಲಿಟ್ಟ. ಕಾಲ ಕೆಳಗೆ ಆದ ಸದ್ದಿಗೆ ತಾನೇ ಬೆಚ್ಚಿ ನಿಂತ. ಇನ್ನೊಂದು ಹೆಜ್ಜೆ ಇಟ್ಟ. ನಡುವೆ ಹೋಗಿ ಕುಳಿತ. ಗಾಳಿಯೇ ಇರಲಿಲ್ಲ, ಆದರೂ ಎಲೆಗಳು ಬೀಳುತ್ತಿದ್ದವು. ಒಂದು ಬಿದ್ದು, ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. ಬೆಳಕು ಇಳಿಯುತ್ತ ಹೋಯಿತು. ಗುಡಿಸಿ ಚೊಕ್ಕಟ ಮಾಡಿದ್ದ ನೆಲದ ಮೇಲೂ ಅಲ್ಲೊಂದು ಇಲ್ಲೊಂದು ಎಲೆ ಬಂದು ಕೂತಿತು. ಕೊನೆಗೆ ಕತ್ತಲಲ್ಲಿ ಗುಡಿಸಿದ ಜಾಗ ಯಾವುದು, ಗುಡಿಸದೆ ಬಿಟ್ಟ ಜಾಗ ಯಾವುದು ಎಂದು ಕಾಣದಾಯಿತು.